ಕಾಯುವವರು

ಬುಧವಾರ, ಜಿಲ್ಲಾಸ್ಪತ್ರೆಯ ಮೂಳೆ ವಾರ್ಡು.
ಮಂಚದಿಂದ ಮಂಚಕ್ಕೆ ಹೋಗುವವಳು ನಾನು,
ಚೀಲದಲ್ಲಿ ಬಿಸ್ಕತ್ತು, ಓದುವ ಕನ್ನಡಕ, ಕಪ್ಪು ರಟ್ಟಿನ ಪುಸ್ತಕ.
ಹನ್ನೊಂದನೇ ಮಂಚದವನು ಕೇಳಿದ, "ನೀವ್ಯಾರಮ್ಮ?"
"ಸಭಾಪಾಲಕಿ."
"ಅಂಗಂದ್ರೆ?"
"ಕಾಯುವವಳು. ಕುರಿ ಕಾದ ಹಾಗೆ, ಜನರನ್ನ."
ಅವನು ನನ್ನ ಪಾದ ನೋಡಿದ.
ಬಾಟಾ ಚಪ್ಪಲಿ, ಒಡೆಯದ ಹಿಮ್ಮಡಿ.
ಮಗ್ಗುಲಾಗಲು ಬಾರದೆ
ಮುಖವನ್ನಷ್ಟೇ ಗೋಡೆಗೆ ತಿರುಗಿಸಿದ.

ಗ್ಯಾತಪ್ಪ. ಹಿರಿಯೂರು ಕಡೆಯ ಹಟ್ಟಿ.
ಕೊರಳೆಲುಬು ಎರಡು ತುಂಡು.

ಪಟ್ಟಿ ಬಿಚ್ಚಿದ ಮೇಲೆ ತಾನಾಗಿ ಬಂದ,
ಚರ್ಚಿನ ಹಿಂದಿನ ಕೋಣೆಗೆ.
ಎರಡು ಪ್ಲಾಸ್ಟಿಕ್ ಕುರ್ಚಿ ಬಿಟ್ಟು ನೆಲಕ್ಕೆ ಕೂತ.
ನಾನೂ ಇಳಿದೆ, ಮಂಡಿ ಲಟಕ್ಕೆಂದಿತು.
ಅವನ ಕತೆ ಒಂದೇ ಸಾಲು:
"ಬೆಳಕು ಬಂತು. ನಲವತ್ಮೂರು ಹೋದ್ವು."
ಮುಂದಿನ ವಾರ ಅದೇ ಸಾಲು.
ಅದರ ಮುಂದಿನ ವಾರವೂ.
ಲಾರಿ, ಬೈಪಾಸು, ರಾತ್ರಿ ಮೂರು ಗಂಟೆ,
ಇವೆಲ್ಲ ಪೇಪರಿನಲ್ಲಿ ಓದಿದ್ದು.
ಪೇಪರಿನಲ್ಲಿ ಇನ್ನೂ ಒಂದಿತ್ತು: ಕುರಿಗಾಹಿ ಒಬ್ಬ.
ಆ ಒಬ್ಬ ಇವನ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ.

ತರಬೇತಿಯಲ್ಲಿ ಕಲಿಸಿದ್ದರು:
ಕತೆಯನ್ನು ಇನ್ನೊಂದು ತುದಿಯಿಂದ ಹಿಡಿ,
ಕಳೆದದ್ದರ ಮಗ್ಗುಲಲ್ಲಿ ಉಳಿದದ್ದನ್ನು ಕೇಳು.
ಜಾಣೆ ನಾನು, ಕೇಳಿದೆ:
"ಉಳಿದವೆಷ್ಟು, ಗ್ಯಾತಪ್ಪ?"
ಎದ್ದು ನಿಂತ.
"ಉಳಿದಿದ್ದನ್ನ ಎಣಿಸಾಕೆ ನಾಚ್ಕೆ ಆಗ್ತದೆ ಕಣಮ್ಮ."
ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ವಾಸಿಯಿತ್ತು.

ಆರು ವಾರ.
ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳ ಕೆಂಪು ದೀಪ
ಹತ್ತುತ್ತವೆ, ಆರುತ್ತವೆ, ಎಲ್ಲ ಒಟ್ಟಿಗೆ.
ನಿದ್ದೆ ಬಾರದೆ ಎಣಿಸುತ್ತೇನೆ, ತಪ್ಪುತ್ತೇನೆ.
ಇಪ್ಪತ್ತೆರಡು ವರ್ಷ ಬೋಧಿಸಿದ್ದೇನೆ
ತಪ್ಪಿಸಿಕೊಂಡ ಒಂದು ಕುರಿಯ ಮೇಲೆ.
ಕತ್ತಲಲ್ಲಿ ಬಿಟ್ಟುಹೋದ ಮಿಕ್ಕ ಮಂದೆಯ ಹತ್ತಿರ
ಯಾರಿದ್ದರು, ಏನು ಮಾಡುತ್ತಿದ್ದರು,
ಸಭೆಯಲ್ಲಿ ಯಾರೂ ಕೇಳಿಲ್ಲ.
ನಾನೂ ಕೇಳಿಕೊಂಡಿಲ್ಲ.

ಏಳನೇ ವಾರ ಉಣ್ಣೆಯ ವಾಸನೆ ಮೊದಲು ಬಂತು.
ನನ್ನನ್ನು ಮಾತಾಡಿಸದೆ
ಗೋಡೆಯ ಕ್ಯಾಲೆಂಡರಿಗೆ ಬೆರಳು ತೋರಿಸಿದ:
"ಇದ್ಯಾರಮ್ಮ ಬರ್ದಿದ್ದು?
ಮರೀನ ಅಂಗೆ ಹೆಗಲ ಮ್ಯಾಗೆ ಏರಿಸ್ಕೆಂಡು
ಗುಡ್ಡ ಇಳಿಯಾಕಾದೀತ?"
ನನ್ನ ಶಾಲು ಕೇಳಿದ. ಕೊಟ್ಟೆ.
ಎರಡು ಮಡಿಕೆ, ಒಂದು ಗಂಟು,
ಒಳಗೆ ಮರಿಯ ಬದಲು ಚರ್ಚಿನ ಕೀರ್ತನೆ ಪುಸ್ತಕ.
"ಎದಿಗೆ ಬರಬೇಕು. ಮೂತಿ ಆಚಿಗೆ.
ಅವನು ಇಂಗೇ ಕಟ್ತಿದ್ದ."
"ಯಾರು?"
ಗಂಟನ್ನು ಬಿಚ್ಚಿದ. ಮತ್ತೆ ಕಟ್ಟಿದ.
"ಜುಂಜ. ನನ್ ತಮ್ಮ."

ಕತೆ ಈ ಸಲ ಬೆಳಕಿನಿಂದ ಹೊರಡಲಿಲ್ಲ.
ಬೆಳಗಿನಿಂದ ಹೊರಟಿತು.
ಈರುಳ್ಳಿ ಕಿತ್ತ ಹೊಲದಲ್ಲಿ ಮಂದೆ ತರುಬಿದ್ದು,
ಹೊಲದವನು ರಾಗಿಯಲ್ಲಿ ಒಂದು ಸೇರು ಮುರಿದುಕೊಂಡದ್ದು,
ಸಂಜೆ ಕಂದು ಕುರಿ ಈದದ್ದು,
ಹುಟ್ಟಿದ ಮರಿಗೆ ಜುಂಜ
ಅತ್ತಿಗೆಯ ಹೆಸರಿಟ್ಟು ಒದೆ ತಿಂದದ್ದು.
ಇಲ್ಲಿ ಗ್ಯಾತಪ್ಪ ನಕ್ಕ.
ನಕ್ಕದ್ದಕ್ಕೆ ಬಾಯಿಗೆ ಕೈ ಅಡ್ಡ ಹಿಡಿದ.

"ಕೂಗಿದ್ದು ಅವನು. ನಾನಲ್ಲ.
ನಂಗೆ ಗಂಟಲೇ ಬರಲಿಲ್ಲ.
ಅವನ ಕೂಗಿಗೆ ಅರ್ಧ ಮಂದೆ
ರಸ್ತೆ ಬಿಟ್ಟು ಹಳ್ಳಕ್ಕಿಳೀತು.
ಅವನ್ನ ಎಣಿಸಿದ್ರೆ
ಅವನ ಕೂಗು ಕೇಳ್ತದೆ, ಅದಕ್ಕೆ ಎಣಿಸಲಿಲ್ಲ."

ಮರಿ ಏನಾಯಿತು ಅಂತ ನಾನು ಕೇಳಲಿಲ್ಲ.
ಒಮ್ಮೆ ಜಾಣೆಯಾದದ್ದು ಸಾಕಾಗಿತ್ತು.

ಅಷ್ಟರಲ್ಲಿ ಹೊರಗೆ ಹೆದ್ದಾರಿಯಲ್ಲಿ
ತುಂಬಿದ ಲಾರಿಯೊಂದು ಗೇರು ಬದಲಿಸಿತು.
ಮಾತು ನಿಂತಿತು.
ಶಾಲಿನ ಗಂಟನ್ನು ಎರಡೂ ಕೈಯಲ್ಲಿ
ಎದೆಗೆ ಒತ್ತಿ ಹಿಡಿದ,
ಕಿಟಕಿಯ ಗಾಜು ಅದುರಿ ನಿಲ್ಲುವವರೆಗೆ.
ನಾನೂ ಉಸಿರು ಬಿಗಿಹಿಡಿದಿದ್ದೆ, ಆಮೇಲೆ ಗೊತ್ತಾಯಿತು.

"ಎಲ್ಲಿದ್ವಿ?" ಅಂದ.
"ಹಳ್ಳದಲ್ಲಿ" ಅಂದೆ.
"ಊಂ. ಹಳ್ಳದಾಗೆ ನೀರಿರಲಿಲ್ಲ…"